ಮನೆಗಾಡಿ ಮುಖ ತಿರುಗಿಸಿದ ರಾತ್ರಿ

“ಬಂತಾ?” ಗಾಡಿಯ ನೆತ್ತಿಯ ಮೇಲಿಂದ ಮಾದೇಶ ಕೇಳಿದ.

“ಇಲ್ಲ,” ಎಂದಳು ಒಳಗೆ ಟಿವಿ ಮುಂದೆ ಕುಳಿತಿದ್ದ ಪವಿತ್ರ.

“ಈಗ?”

“ಈಗ್ಲೂ ಇಲ್ಲ ಮಾದೇಶಣ್ಣ. ಬರೀ ಚುಕ್ಕಿ. ಚುಕ್ಕಿ ಒಳಗೆ ಯಾರೋ ಮಲಯಾಳ ಮಾತಾಡ್ತಾವ್ರೆ.”

ಮೇಲೆ ಮತ್ತೆ ವೈರು ಎಳೆದಾಡಿದ ಸದ್ದು. ಟಿವಿಯೊಳಗಿನ ಮಲಯಾಳದವನು ಒಮ್ಮೆ ಕೆಮ್ಮಿ, ತನ್ನ ಮಾತು ಮುಂದುವರಿಸಿದ.

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯ ಹಿಂದಿನ ಅಂಗಳದಲ್ಲಿ ನಿಂತಿದ್ದ ಆ ಗಾಡಿಗೆ ಊರವರು ಇಟ್ಟ ಹೆಸರು ಮನೆಗಾಡಿ. ಹಳೇ ವ್ಯಾನೊಂದನ್ನು ಬದನಗುಪ್ಪೆಯ ಶೆಡ್ಡಿನಲ್ಲಿ ಬಿಚ್ಚಿಸಿ, ಒಳಗೆ ಎರಡು ಮಂಚ, ಗ್ಯಾಸಿನ ಒಲೆ, ನೀರಿನ ಡ್ರಮ್ಮು, ಹಿಂದಿನ ಬಾಗಿಲ ಬಳಿ ಬ್ಯಾಟರಿಯಲ್ಲಿ ಓಡುವ ಪುಟ್ಟ ಟಿವಿ ಕೂರಿಸಿದವರು ಮಂಡಿ ಸಾಹುಕಾರ ನೀಲಕಂಠಸ್ವಾಮಿ. ಬಂಡೀಪುರ, ಊಟಿ ಎಂದು ಹೊರಡುವ ಮೈಸೂರಿನ ಸಂಸಾರಗಳಿಗೆ ಅದನ್ನು ಬಾಡಿಗೆಗೆ ಬಿಡುತ್ತಿದ್ದರು. ಕಾಡಿಗೆ ಹೋಗಿ ಟಿವಿ ಯಾಕೆ ನೋಡಬೇಕು ಎಂದು ಒಬ್ಬರೂ ಕೇಳಲಿಲ್ಲ. ಆನೆ ಕಾಣದೆ ವಾಪಸು ಬಂದರೂ ಪರವಾಗಿಲ್ಲ, ಭಾನುವಾರದ ಸಿನಿಮಾ ತಪ್ಪಬಾರದು ಎನ್ನುವ ಕಾಲ ಅದು.

ಕಳೆದ ಭಾನುವಾರ ರಾತ್ರಿ, ತೆರಕಣಾಂಬಿಯ ಆಚೆ ತರಕಾರಿ ಮರಿಯಪ್ಪನ ಸೈಕಲ್ಲಿಗೆ ಈ ಮನೆಗಾಡಿ ಗುದ್ದಿ, ಅವನನ್ನು ಚಾಮರಾಜನಗರದ ಆಸ್ಪತ್ರೆ ಮೆಟ್ಟಿಲ ಮೇಲೆ ಇಳಿಸಿ ಓಡಿಹೋಯಿತು ಎಂಬುದು ಪೊಲೀಸರ ಲೆಕ್ಕ. ಆ ಲೆಕ್ಕದ ಪ್ರಕಾರ ಗಾಡಿಯ ಡ್ರೈವರ್ ಹರದನಹಳ್ಳಿಯ ನಿಂಗರಾಜು ಜೈಲಿನಲ್ಲಿದ್ದ.

ಗಾಡಿಯ ಮಂಚದ ಮೇಲೆ ರಕ್ತದ ಕಲೆ ಸಿಕ್ಕಿತ್ತು. ರಸ್ತೆಯ ಮೇಲೆ ಒಡೆದ ಲೈಟಿನ ಗಾಜು ಸಿಕ್ಕಿತ್ತು. ಗಾಡಿಯ ಎರಡೂ ಲೈಟು ನೆಟ್ಟಗಿವೆಯಲ್ಲ ಎಂದು ಪವಿತ್ರ ಕೇಳಿದ್ದಕ್ಕೆ, ಹೊಸದು ಹಾಕಿಸಿರುತ್ತಾನೆ ಬಿಡಿ ಎಂಬ ಉತ್ತರ ಬಂದಿತ್ತು. ಪೆಟ್ಟು ತಿಂದ ಮರಿಯಪ್ಪ ಮೈಸೂರಿನ ಆಸ್ಪತ್ರೆಯಲ್ಲಿದ್ದ. ಜೀವಕ್ಕೆ ಭಯವಿಲ್ಲ ಎಂದಿದ್ದರು ಡಾಕ್ಟರು, ಆದರೆ ಅವನಿಗೆ ಇನ್ನೂ ಮಾತು ಬಂದಿರಲಿಲ್ಲ.

ನಾಳೆ ಚಾಮರಾಜನಗರದ ಕೋರ್ಟಿನಲ್ಲಿ ನಿಂಗರಾಜುವಿನ ಜಾಮೀನು ಅರ್ಜಿ. ಅವನ ಪರವಾಗಿ ನಿಲ್ಲುವ ವಕೀಲೆ ಪವಿತ್ರ, ಗಾಡಿಯ ಯಜಮಾನ ನೀಲಕಂಠಸ್ವಾಮಿಯವರ ಸ್ವಂತ ತಂಗಿಯ ಮಗಳು. ಸೋದರಮಾವನ ಮಾತಿನ ಮೇಲೆ ಒಳಗೆ ಹೋದವನನ್ನು ಸೊಸೆ ಬಿಡಿಸಲು ಹೊರಟಿದ್ದಾಳೆ ಎಂದು ಮಂಡಿಯಲ್ಲಿ ಜನ ನಕ್ಕಿದ್ದರು. ನಗಲಿ ಎಂದುಕೊಂಡಿದ್ದಳು ಅವಳು. ನಿಂಗರಾಜುವಿಗೆ ಸರ್ಕಾರಿ ಬಸ್ಸಿನ ಚಾಲಕನ ಕೆಲಸಕ್ಕೆ ಕರೆ ಬಂದಿತ್ತು. ಗುದ್ದಿ ಓಡಿಹೋದವನು ಎಂಬ ಹೆಸರು ಅಂಟಿದರೆ ಆ ಕೆಲಸ ಹೋಯಿತು, ಜನ್ಮದಲ್ಲಿ ಇನ್ನು ಸ್ಟಿಯರಿಂಗ್ ಮುಟ್ಟುವಂತಿಲ್ಲ. ಜೈಲಿನ ಗೇಟಿನ ಬಳಿ ಅವನ ತಾಯಿ ಸಣ್ಣತಾಯಮ್ಮ ಕೈ ಹಿಡಿದು, ‘ನನ್ ಮಗ ಓಗೋ ಇರುವೆಗೂ ಹಾರನ್ ಒಡ್ಯೋನು ಕಣವ್ವ’ ಎಂದಿದ್ದಳು. ಆ ಮಾತು ಪವಿತ್ರಳ ಮನಸ್ಸಿನಿಂದ ಹೋಗಿರಲಿಲ್ಲ.

ಮಾದೇಶ ಏಣಿ ಇಳಿದು ಬಂದ. ಚಾಮರಾಜನಗರದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟವನು, ನಲವತ್ತರ ಆಸುಪಾಸು, ಯಾವಾಗಲೂ ಏನಾದರೂ ತಮಾಷೆ ಮಾಡುವ ಮನುಷ್ಯ. ಭಾನುವಾರ ಈ ಆಂಟೆನಾ ಕೂರಿಸಿದವನೂ ಅವನೇ. ಇವತ್ತು ಮಾತ್ರ ಸಪ್ಪಗಿದ್ದ. ಸ್ಕೂಟರ್ ಎಲ್ಲಿ ಎಂದರೆ ರಿಪೇರಿಗೆ ಬಿಟ್ಟಿದ್ದೇನೆ, ಬಸ್ಸಿಗೆ ಬಂದೆ ಎಂದಿದ್ದ.

ಬೂಸ್ಟರ್ ನೋಡಿದ್ದಾಯಿತು, ವೈರಿನ ತುದಿ ಕೆರೆದು ಮತ್ತೆ ಸಿಕ್ಕಿಸಿದ್ದಾಯಿತು, ಬ್ಯಾಟರಿ ಬದಲಿಸಿದ್ದಾಯಿತು. ಬೂಸ್ಟರೇ ಹೋಗಿದೆ, ಬೇರೆ ತರಬೇಕು ಎಂದು ಹೇಳಿ, ಕರೀ ಟೇಪು ಸುತ್ತಿದ ಹಿಡಿಯ ತನ್ನ ಹಸಿರು ಕ್ಯಾನ್ವಾಸ್ ಚೀಲಕ್ಕೆ ಸಾಮಾನು ತುಂಬತೊಡಗಿದ.

“ಆಂಟೆನಾ ತಿರುಗ್ಸಿ ನೋಡ್ನಿಲ್ವಲ್ಲ ಮಾದೇಶಣ್ಣ?”

“ಅದ ಮುಟ್ಬೇಡಿ ಲಾಯರಮ್ಮ. ನಟ್ಟು ಬಿಗಿದದೆ, ತಿರುಗಲ್ಲ.”

ಟಿವಿ ಕೆಟ್ಟರೆ ಈ ನಾಡಿನಲ್ಲಿ ಹಸುಗೂಸೂ ಮೊದಲು ಓಡುವುದು ಆಂಟೆನಾ ತಿರುಗಿಸುವುದಕ್ಕೆ. ರಿಪೇರಿಯವನು ಅದೊಂದನ್ನು ಬಿಟ್ಟು ಬೇರೆಲ್ಲ ಮಾಡಿದ್ದು ಪವಿತ್ರಳಿಗೆ ವಿಚಿತ್ರವಾಗಿ ಕಂಡಿತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ತಾನೇ ಏಣಿ ಹತ್ತಿದಳು.

ಮೇಲಿಂದ ಬೀದಿಯ ಮಾಳಿಗೆಗಳೆಲ್ಲ ಕಾಣುತ್ತಿದ್ದವು. ಮನೆಮನೆಯ ಮೇಲೂ ಒಂದೊಂದು ಆಂಟೆನಾ. ಎಲ್ಲವೂ ಬಡಗಲಿಗೆ, ಮೈಸೂರಿನ ಕಡೆಗೆ ಮುಖ ಮಾಡಿದ್ದವು. ಮನೆಗಾಡಿಯ ಆಂಟೆನಾ ಒಂದೇ ಪಡುವಲಿಗೆ ತಿರುಗಿ, ಕೇರಳವನ್ನು ನೋಡುತ್ತ ನಿಂತಿತ್ತು. ಮಲಯಾಳ ಎಲ್ಲಿಂದ ಬಂತು ಎನ್ನುವುದಕ್ಕೆ ಉತ್ತರ ಸಿಕ್ಕಿತು.

ಯಾರು ತಿರುಗಿಸಿದರು? ಅವಳು ಬಗ್ಗಿ ನಟ್ಟು ನೋಡಿದಳು. ತುಕ್ಕು ಹಿಡಿಯದಿರಲಿ ಎಂದು ಮಾದೇಶ ಭಾನುವಾರ ಬಳಿದಿದ್ದ ಕೆಂಪು ಬಣ್ಣ ನಟ್ಟು, ಕೊಳವೆ ಎರಡನ್ನೂ ಸೇರಿಸಿ ಒಣಗಿ ಕೂತಿತ್ತು. ಒಂದು ಬಿರುಕಿಲ್ಲ. ಭಾನುವಾರದಿಂದ ಈ ಆಂಟೆನಾವನ್ನು ಯಾರೂ ಮುಟ್ಟಿಲ್ಲ. ಆದರೆ ಆ ಸಂಜೆ ಕರೆಂಟು ಹೋಗಿ ಬೀದಿಗೆ ಬೀದಿಯೇ ಈ ಅಂಗಳದಲ್ಲಿ ಸೇರಿ, ಇದೇ ಟಿವಿಯಲ್ಲಿ ಸಿನಿಮಾ ನೋಡಿತ್ತು. ಚಿತ್ರ ಕನ್ನಡಿಯಂತೆ ಬಂದಿತ್ತು ಎಂದು ಎಲ್ಲರೂ ಹೇಳಿದ್ದರು.

ಆಂಟೆನಾ ತಿರುಗಿಲ್ಲ. ಹಾಗಿದ್ದರೆ ತಿರುಗಿದ್ದು ಗಾಡಿ.

ಮಾದೇಶ ಅಲ್ಲೇ ಬಿಟ್ಟಿದ್ದ ಸ್ಪ್ಯಾನರನ್ನು ಪವಿತ್ರ ಎತ್ತಿಕೊಂಡಳು. ಸ್ಪ್ಯಾನರ್ ಹಾಕಿ ಎರಡು ಸಲ ಗುದ್ದಿದ ಮೇಲೆ ಬಣ್ಣ ಒಡೆದು ನಟ್ಟು ಸಡಿಲವಾಯಿತು. ಕೊಳವೆಯನ್ನು ಬಡಗಲಿಗೆ ತಿರುಗಿಸಿದಳು. ಕೆಳಗೆ ಟಿವಿಯಲ್ಲಿ ಮಲಯಾಳದವನ ದನಿ ನಿಂತು, ಅಚ್ಚ ಕನ್ನಡದಲ್ಲಿ ಹತ್ತಿ ಬೆಳೆಗೆ ಬರುವ ಹುಳುವಿನ ಸಮಾಚಾರ ಶುರುವಾಯಿತು.

ಇಳಿಯುವ ಮುನ್ನ ಇನ್ನೊಂದು ಕಂಡಳು. ಅಡ್ಡಡ್ಡ ಸಾಲಾಗಿದ್ದ ಅಲ್ಯೂಮಿನಿಯಂ ಕಡ್ಡಿಗಳಲ್ಲಿ ತುದಿಯ ಒಂದು ಇರಲಿಲ್ಲ. ಬುಡ ಮಾತ್ರ ಉಳಿದು, ಮುರಿದ ಜಾಗ ಹೊಸದಾಗಿ ಹೊಳೆಯುತ್ತಿತ್ತು.

ಕೆಳಗೆ ಬಂದು ಕೇಳಿದಳು. ಗಾಡಿ ಹೊರಡುವಾಗ ಆಂಟೆನಾ ಮಲಗಿಸಬೇಕಲ್ಲವೇ? ಹೌದು ಎಂದ ಮಾದೇಶ. ನಿಂಗರಾಜುವಿಗೆ ಅದು ಗೊತ್ತಿತ್ತೇ? ಜೊತೆಗೆ ನಿಂತು ಕೂರಿಸಿದವನೇ ಅವನು, ಗೊತ್ತಿಲ್ಲದೆ ಏನು ಎಂದ.

“ಹಂಗಾರೆ ಎತ್ತಿದ ಆಂಟೆನಾ ಹಂಗೇ ಓಡ್ಸಿ ಕಡ್ಡಿ ಮುರ್ಕಂಡೋನು ನಿಂಗರಾಜು ಅಲ್ಲ.”

ಮಾದೇಶ ಅವಳ ಮುಖ ನೋಡಲಿಲ್ಲ. “ಅಲ್ಲ ಕಣಮ್ಮ,” ಎಂದು ಮೆಲ್ಲಗೆ ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿಕೊಂಡು ಹೊರಟೇಹೋದ. ಮಾಡಿದ ಕೆಲಸಕ್ಕೆ ಕೂಲಿಯನ್ನೂ ಕೇಳಲಿಲ್ಲ.

ಕಾಫಿ ತಂದ ಅತ್ತೆ ಯಶೋದಮ್ಮನನ್ನು ಪವಿತ್ರ ಸುಮ್ಮನೆ ಮಾತಿಗೆ ಎಳೆದಳು. ಭಾನುವಾರ ಗಾಡಿ ಹೇಗೆ ನಿಂತಿತ್ತು? ಅತ್ತೆ ಯೋಚಿಸುವ ಗೋಜಿಗೇ ಹೋಗಲಿಲ್ಲ. ಹಿಂದಿನ ಬಾಗಿಲು ಜಗಲಿ ಕಡೆಗಿತ್ತು, ಇಲ್ಲದಿದ್ದರೆ ಜಗಲಿ ಮೇಲೆ ಕೂತವರಿಗೆ ಟಿವಿ ಕಾಣುವುದು ಹೇಗೆ ಎಂದಳು. ಜಗಲಿ ಇರುವುದು ಅಂಗಳದ ಬಡಗಲಿಗೆ. ಅಂದರೆ ಆ ಸಂಜೆ ಗಾಡಿಯ ಮೂತಿ ತೆಂಕಲಿಗೆ. ಈಗ ನೋಡಿದರೆ ಮೂಡಲಿಗೆ. ಚಕ್ರದ ಸುತ್ತ ಪೊಲೀಸರು ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೋಗಿದ್ದರಿಂದ ಆಮೇಲೆ ಯಾರೂ ಅದನ್ನು ಅಲ್ಲಾಡಿಸಿರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದಾಗ ನಿಮಗೆ ಯಾರಿಗೂ ಅನುಮಾನ ಬರಲಿಲ್ಲವೇ ಎಂದು ಕೇಳಿದಳು. ಅದರಲ್ಲಿ ಅನುಮಾನ ಏನು, ಈ ಮನೆಯಲ್ಲಿ ಗಾಡಿ ಯಾವಾಗಲೂ ಹಾಗೇ ತಾನೇ ನಿಲ್ಲುವುದು ಎಂದು ಅತ್ತೆ ಲೋಟ ತೆಗೆದುಕೊಂಡು ಒಳಗೆ ಹೋದಳು.

ಮಂಡಿಯಿಂದ ನೀಲಕಂಠಸ್ವಾಮಿ ಬಂದರು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಒರಟು ಬಿಳಿ ಟವಲು, ಅದಕ್ಕೆ ಎರಡು ಹಸಿರು ಅಂಚು. ಗೊತ್ತಿದ್ದ ಮಗ್ಗದವನಿಂದಲೇ ನೇಯಿಸಿ ತರಿಸುತ್ತಿದ್ದರು; ಬೇರೆಯದು ಹೆಗಲಿಗೆ ಒಗ್ಗುವುದಿಲ್ಲ ಎನ್ನುತ್ತಿದ್ದರು. ಟಿವಿ ಬಂತಲ್ಲ ಎಂದು ಖುಷಿಯಾಗಿ ನಕ್ಕರು.

“ಮಾವ, ಭಾನ್ವಾರ ಗಾಡಿ ಕೀ ಎಲ್ಲಿತ್ತು?”

ನಗು ಅಲ್ಲಿಗೇ ನಿಂತಿತು. “ಪೊಲೀಸ್ರಿಗೆ ಹೇಳಿವ್ನಲ್ಲ ಕೂಸೇ. ನಿಂಗರಾಜು ಹತ್ರ. ನಾನು ಊರಲ್ಲೇ ಇರ್ನಿಲ್ಲ, ಮೈಸೂರ್ಗೆ ಓಗಿದ್ದೆ.”

ಪವಿತ್ರ ಆಂಟೆನಾದ ಕತೆ ಬಿಡಿಸಿ ಹೇಳಿದಳು. ಮಾವ ಪೂರ್ತಿ ಕೇಳಿ, ನಾಳೆ ಕೋರ್ಟಿನ ಕಟಕಟೆಯಲ್ಲಿ ಆಂಟೆನಾ ನಿಲ್ಲಿಸಿ ಪ್ರಮಾಣ ಮಾಡಿಸುತ್ತೀಯೇನು ಎಂದು ಗೇಲಿ ಮಾಡಿದರು. ಆದರೆ ನಿಂಗರಾಜು ಗಾಡಿಯನ್ನು ತೆಂಕಲಿಗೆ ಮೂತಿ ಮಾಡಿ ನಿಲ್ಲಿಸಿದ್ದ ಎಂದೊಡನೆ ಅವರ ಕಣ್ಣು ಕೆಂಪಾದವು.

“ತೆಂಕ್ಲಿಗಾ? ರಾತ್ರಿ ಹೊತ್ತು ಗಾಡಿ ಮೂತಿ ಯಮನ ದಿಕ್ಕಿಗಿರಕೂಡ್ದು ಅಂತ ಎಷ್ಟು ಸಲ ಬಡ್ಕಂಡಿವ್ನಿ. ನಮ್ಮವ್ವ ಬದ್ಕಿದ್ರೆ ಚಾವಟಿ ತಕ್ಕಬುಡೋಳು. ಟ್ರಾಕ್ಟ್ರು ತೆಂಕ್ಲಿಗೆ ನಿಲ್ಸಿದ್ರಿ ಅಂತ ನಂಗೂ ನಿಮ್ಮವ್ವಂಗೂ ಒಂದೇ ದಿನ ಬರೆ ಬಂದಿತ್ತು ಕಣಮ್ಮಿ.”

“ಅದೇ ಮಾವ ನಾನು ಹೇಳೋದು. ನಿಂಗರಾಜುಗೆ ಆ ಯೋಚ್ನೆ ಇರ್ನಿಲ್ಲ. ಅವ್ನೇ ಕದ್ದು ಓಡ್ಸಿದ್ರೆ ಇದ್ದಂಗೇ ತಂದು ನಿಲ್ಸೋನು. ಗುರುತು ಸಿಕ್ತದೆ ಅಂತ ಗೊತ್ತಿದ್ರೂ ತೆಂಕ್ಲಿಗೆ ನಿಲ್ಸಕ್ಕೆ ಕೈ ಬರ್ದೆ ಇರೋನು ಈ ಮನೆಯೋನು.”

ನೀಲಕಂಠಸ್ವಾಮಿ ಜಗಲಿಯ ಮೇಲೆ ಕುಸಿದು ಕುಳಿತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವರ ಕಣ್ಣು ತಾನಾಗಿ ಅಂಗಳದ ಮೂಲೆಗೆ ಹೋಯಿತು. ಅಲ್ಲಿ ಅವರ ಒಬ್ಬನೇ ಮಗ ಶಿವಶಂಕರನ ಬೈಕು ನಿಂತಿತ್ತು. ಆ ರಾತ್ರಿ ಶಿವಶಂಕರ ಮನೆಗೆ ತಡವಾಗಿ ಬಂದಿದ್ದು ಪವಿತ್ರಳಿಗೂ ಗೊತ್ತಿತ್ತು. ಬೆಳಿಗ್ಗೆಯಿಂದ ಅವಳನ್ನು ಕೊರೆಯುತ್ತಿದ್ದ ಭಯವೂ ಅದೇ.

ಆದರೆ ಈಗ ಆ ಬೈಕನ್ನು ನೋಡುತ್ತಿದ್ದಂತೆ ಅವಳ ಮನಸ್ಸು ಹಗುರವಾಯಿತು. ಅದನ್ನು ತಂದವನು ಹೇಗೆ ಬಂತೋ ಹಾಗೆ ಎಸೆದು ಹೋಗಿದ್ದ. ಮೂತಿ ನೇರ ತೆಂಕಲಿಗಿತ್ತು.

“ನೋಡಿ ಮಾವ. ನಿಮ್ಮ ಮಗಂಗೆ ಆ ಶಾಸ್ತ್ರದ ಗಾಳಿನೇ ಬಡ್ದಿಲ್ಲ. ಅವ್ನಲ್ಲ.”

ಬಹಳ ಹೊತ್ತು ಬೈಕನ್ನೇ ನೋಡಿದರು ನೀಲಕಂಠಸ್ವಾಮಿ. ಆಮೇಲೆ ಟವಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಊರಿಗೇ ಜೋರು ಮಾಡುವ ಸಾಹುಕಾರ ಹೀಗೆ ಅಳುವುದನ್ನು ಪವಿತ್ರ ನೋಡಿರಲಿಲ್ಲ. ಅವಳಿಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು.

“ಕೀ ದೇವ್ರ ಮನೆ ಬಾಗ್ಲು ಮೊಳೆ ಮ್ಯಾಲೇ ಇತ್ತು ಕಣಮ್ಮಿ. ನಿಂಗರಾಜು ಅಲ್ಲೇ ತಗಲಾಕಿ ಊರ್ಗೆ ಓಗಿದ್ದ. ನಾನು ಸುಳ್ಳೇಳ್ಬುಟ್ಟೆ.”

ನಾಳೆ ಕೋರ್ಟಿಗೆ ಬಂದು ಅದನ್ನೇ ಹೇಳುತ್ತೀರಾ ಎಂದು ಕೇಳಿದಳು. ಹೇಳುತ್ತೇನೆ ಎಂದು ತಲೆಯಾಡಿಸಿದರು. ಇಷ್ಟು ಸಿಕ್ಕರೆ ನಿಂಗರಾಜುವಿಗೆ ಜಾಮೀನು ಸಿಕ್ಕಂತೆಯೇ. ಸಣ್ಣತಾಯಮ್ಮನ ಮುಖದಲ್ಲಿ ನಗು ನೋಡುವ ಆಸೆ ಪವಿತ್ರಳಿಗೆ ಆಗಲೇ ಹುಟ್ಟಿಬಿಟ್ಟಿತು.

ಇನ್ನು ಬೇಕಾದ್ದು ಒಂದೇ: ಗಾಡಿ ತೆಂಕಲಿಗೆ ನಿಂತಿತ್ತು ಎಂದು ಹೇಳುವ ಗಟ್ಟಿ ಸಾಕ್ಷಿ. ಕೋರ್ಟು ಎಂದೊಡನೆ ಯಶೋದಮ್ಮ ಹಿಂದೆ ಸರಿದಳು. ನಿಮ್ಮವ್ವ ಶಿವರುದ್ರಮ್ಮನೂ ಹಪ್ಪಳ ಒತ್ತುವುದಕ್ಕೆ ಬಂದು ಆ ರಾತ್ರಿ ಇಲ್ಲೇ ಉಳಿದಿದ್ದಳಲ್ಲ, ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೋದಳು, ಅವಳನ್ನೇ ಕೇಳು ಎಂದಳು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಯಿತು ಎಂದು ಪವಿತ್ರ ನಕ್ಕು, ತನ್ನ ಲೂನಾ ಹತ್ತಿ ಅವ್ವನ ಊರಾದ ತೆರಕಣಾಂಬಿಯ ದಾರಿ ಹಿಡಿದಳು.

ಇಳಿಬಿಸಿಲಿನಲ್ಲಿ ಚೆಂಡುಹೂವಿನ ಹೊಲಗಳು ಹಳದಿಯಾಗಿ ಹೊಳೆಯುತ್ತಿದ್ದವು. ಈರುಳ್ಳಿ ತುಂಬಿದ ಲಾರಿಗಳು ಎದುರು ಬರುತ್ತಿದ್ದವು. ಕೋರ್ಟಿನಲ್ಲಿ ಏನೇನು ಹೇಳಬೇಕೆಂದು ಲೂನಾದ ಸದ್ದಿಗೆ ಸರಿಯಾಗಿ ಬಾಯಿಪಾಠ ಮಾಡುತ್ತ ಹೋದಳು. ವಕೀಲಿಕೆಗೆ ಬಂದ ಮೇಲೆ ಇಷ್ಟು ಸಂತೋಷದ ಸಂಜೆ ಅವಳಿಗೆ ಬಂದಿರಲಿಲ್ಲ.

ಮನೆಯ ಮುಂದಿನ ಹುಣಸೆ ಮರದ ಕೊಂಬೆಯೊಂದು ರಸ್ತೆಗೆ ಬಾಗಿತ್ತು. ಅದರ ತುದಿ ಮುರಿದು ಜೋತಾಡುತ್ತಿದ್ದುದನ್ನು ನೋಡಿಯೂ ನೋಡದಂತೆ ದಾಟಿ, ಲೂನಾವನ್ನು ಬಾಗಿಲ ಮುಂದೆ ನಿಲ್ಲಿಸಿದಳು. “ಅವ್ವ,” ಎಂದು ಕೂಗುತ್ತ ಹಿತ್ತಲಿಗೆ ನಡೆದಳು.

ಹಿತ್ತಲಲ್ಲಿ ಅವ್ವ ಇರಲಿಲ್ಲ. ಹೀರೆಯ ಬಳ್ಳಿಗೆ ಹೊಸದಾಗಿ ಒಂದು ಆಸರೆಗೋಲು ಕೊಟ್ಟಿದ್ದಳು. ಅದು ಬಿದಿರೂ ಅಲ್ಲ, ಮರದ ಕಡ್ಡಿಯೂ ಅಲ್ಲ. ಬೆಳ್ಳಗೆ ಮಿನುಗುವ ಅಲ್ಯೂಮಿನಿಯಂ ಕಡ್ಡಿ, ಒಂದು ತುದಿ ಮುರಿದದ್ದು. ಬಳ್ಳಿ ಆಗಲೇ ಅದಕ್ಕೆ ಒಂದು ಸುತ್ತು ಸುತ್ತಿಕೊಂಡಿತ್ತು.

ಪವಿತ್ರಳ ಬಾಯಿಪಾಠವೆಲ್ಲ ಮರೆತುಹೋಯಿತು.

ಅವಳು ಮುಂಬಾಗಿಲಿಗೆ ಮರಳಿದಾಗ ಶಿವರುದ್ರಮ್ಮ ಹೊರಗೆ ಬಂದಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಮಗಳನ್ನು ಮಾತಾಡಿಸುವ ಮೊದಲು ಅವಳು ಲೂನಾದ ಹ್ಯಾಂಡಲ್ ಹಿಡಿದು, ತೆಂಕಲಿಗಿದ್ದ ಅದರ ಮೂತಿಯನ್ನು ಮೂಡಲಿಗೆ ತಿರುಗಿಸಿ ನಿಲ್ಲಿಸಿದಳು. ಮಗಳು ಬಂದಾಗಲೆಲ್ಲ ಮಾಡುವ ಕೆಲಸವೇ. ಪವಿತ್ರ ಅದನ್ನು ಇವತ್ತೇ ಕಣ್ಣಿಟ್ಟು ನೋಡಿದ್ದು.

ಟ್ರಾಕ್ಟರ್‌ಗಾಗಿ ಅಣ್ಣನ ಜೊತೆ ಬರೆ ತಿಂದವಳು. ಅಂದರೆ ಟ್ರಾಕ್ಟರ್ ಓಡಿಸಿದವಳು.

“ಅವ್ವ, ಭಾನ್ವಾರ ರಾತ್ರಿ…”

“ಗಾಡಿ ಓಡ್ಸಿದ್ದು ನಾನೇ ಕಣಮ್ಮಿ,” ಎಂದಳು ಶಿವರುದ್ರಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. “ಗುದ್ದಿದ್ದು ನಾನಲ್ಲ. ಗುದ್ದಿವ್ನಿ ಅನ್ನೋನು ಒಳಗೆ ಕುಂತವ್ನೆ. ಅವ್ನಾಗೇ ಬರ್ಲಿ ಅಂತ ಕಾದಿದ್ದೆ, ಇವತ್ತು ಬಂದವ್ನೆ.”

ಜಗಲಿಯ ಮೇಲೆ, ಕರೀ ಟೇಪು ಸುತ್ತಿದ ಹಿಡಿಯ ಹಸಿರು ಚೀಲವಿತ್ತು.

ಒಳಗೆ ಗೋಡೆಗೊರಗಿ ಕೂತಿದ್ದ ಮಾದೇಶ ಎದ್ದು ನಿಂತ. ಅವನು ಹೇಳಿದ್ದೆಲ್ಲ ಒಂದೇ ಉಸಿರಿನಲ್ಲಿ ಬಂತು. ಸಿನಿಮಾ ಮುಗಿದ ಮೇಲೆ ಸ್ಕೂಟರಿನಲ್ಲಿ ಊರಿಗೆ ಹೊರಟಿದ್ದು, ಕತ್ತಲಲ್ಲಿ ಸೈಕಲ್ಲಿಗೆ ಗುದ್ದಿ ಬಿದ್ದಿದ್ದು, ಲೈಟು ಪುಡಿಯಾಗಿದ್ದು, ರಸ್ತೆಬದಿಯಲ್ಲಿ ಮರಿಯಪ್ಪನನ್ನು ಕಂಡಿದ್ದು. ಮಂಚ ಇರುವ ಗಾಡಿ ನೆನಪಾಗಿ ಲೈಟಿಲ್ಲದ ಸ್ಕೂಟರಿನಲ್ಲೇ ಗುಂಡ್ಲುಪೇಟೆಗೆ ವಾಪಸು ಓಡಿದನಂತೆ. ಹಪ್ಪಳದ ಕೋಣೆಯಲ್ಲಿ ಎಚ್ಚರವಿದ್ದವಳು ಶಿವರುದ್ರಮ್ಮ ಒಬ್ಬಳೇ. ಮನೆಯವರನ್ನು ಎಬ್ಬಿಸುತ್ತ ಕೂತರೆ ಜೀವ ಹೋಗುತ್ತದೆ ಎಂದು ಅವಳೇ ಕೀ ತೆಗೆದುಕೊಂಡಳು. ಹಳೇ ಸೀರೆಗೆಂದು ತನ್ನ ಮನೆಯ ಮುಂದೆ ಒಂದು ಗಳಿಗೆ ನಿಲ್ಲಿಸಿದ್ದಾಗಲೇ ಹುಣಸೆ ಕೊಂಬೆ ಆಂಟೆನಾಕ್ಕೆ ತಗುಲಿತ್ತು.

ನಾಳೆ ಮೊದಲ ಬಸ್ಸಿಗೆ ಮೂವರೂ ಹೋಗೋಣ, ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಏನು ದಂಡವೋ ಕೊಡಲಿ, ನಿಂಗರಾಜು ಮನೆಗೆ ಬರಲಿ ಎಂದಳು ಶಿವರುದ್ರಮ್ಮ. ಪವಿತ್ರಳಿಗೆ ಅವ್ವನನ್ನು ತಬ್ಬಿಕೊಳ್ಳುವ ಹಾಗಾಯಿತು. ನಿಂಗರಾಜು ಉಳಿದ. ಇನ್ನು ಅದರಲ್ಲಿ ಅನುಮಾನವೇ ಇರಲಿಲ್ಲ.

“ಒಂದು ಮಾತದೆ ಲಾಯರಮ್ಮ,” ಎಂದ ಮಾದೇಶ. “ನಾನು ಗುದ್ದಿದ್ದು ಸೈಕಲ್ಗೆ. ಅದು ರಸ್ತೆ ಮ್ಯಾಲೆ ಬಿದ್ದಿತ್ತು. ಮರಿಯಪ್ಪ ದೂರದಲ್ಲಿ, ಮೋರಿ ಪಕ್ದಲ್ಲಿ ಮಲಗಿದ್ದ. ತಲೆಗೆ ಆಗ್ಲೇ ಯಾರೋ ಟವಲ್ ಕಟ್ಟಿದ್ರು. ಗಾಬ್ರೀಲಿ ನಂಗೆ ಅದು ಹೊಳೀನೇ ಇಲ್ಲ, ನಿಮ್ಮವ್ವ ಕೇಳಿದ್ಮ್ಯಾಲೆ ಹೊಳೀತು.”

ಹಾಗಿದ್ದರೆ ಅವನಿಗೆ ಮೊದಲೇ ಗುದ್ದಿದವರು ಇನ್ನೊಬ್ಬರಿದ್ದಾರೆ. ಗುದ್ದಿ, ಇಳಿದು, ಟವಲು ಕಟ್ಟಿ, ಬಿಟ್ಟು ಹೋಗಿದ್ದಾರೆ.

ಶಿವರುದ್ರಮ್ಮ ಕೋಣೆಗೆ ಹೋಗಿ ಬಂದಳು. ರಕ್ತದ ಕಲೆ ಉಳಿಯಬಾರದೆಂದು ಎರಡು ಸಲ ಸೋಪು ಹಾಕಿ ಒಗೆದು, ಬಿಸಿಲಿಗೆ ಒಣಗಿಸಿ, ಅಚ್ಚುಕಟ್ಟಾಗಿ ಮಡಿಸಿಟ್ಟಿದ್ದ ಟವಲನ್ನು ಮಗಳ ಕೈಗೆ ಕೊಟ್ಟಳು.

“ಯಾರ್ದು ಅಂತ ನಾನು ಬಾಯ್ಬುಟ್ಟು ಹೇಳಲ್ಲ,” ಎಂದಳು. “ಅದ್ಕೇ ಇಷ್ಟು ದಿನ ಸುಮ್ಕಿದ್ದೆ. ನಿನ್ ಕಣ್ಣು ನಿಂಗವೆ, ನೋಡ್ಕೋ.”

ಪವಿತ್ರ ಮಡಿಕೆ ಬಿಚ್ಚಿದಳು. ಆ ರಾತ್ರಿ ಮೈಸೂರಿಗೆ ಹೋಗಿದ್ದೆ ಎಂದ ಮಾವ ಇವತ್ತು ಮುಖ ಮುಚ್ಚಿಕೊಂಡು ಅತ್ತದ್ದು ಇಂಥದ್ದೇ ಟವಲಿನಲ್ಲಿ. ಒರಟು ಬಿಳಿ ಬಟ್ಟೆ, ಅದಕ್ಕೆ ಎರಡು ಹಸಿರು ಅಂಚು.